1,500 ವ್ಯಾಟ್ ಕರೆಂಟ್ ತವಾ, 40 ಜನ, ಬೆಣ್ಣೆ ದೋಸೆ: ಲೆಕ್ಕ ಹೇಳಿ

ನಿಟುವಳ್ಳಿ_ತಿಂಡಿ
ನಾಮಕರಣದ ಮರುದಿನ ಬೆಳಿಗ್ಗೆ 8ರಿಂದ 10ರೊಳಗೆ 40 ಜನಕ್ಕೆ ಬೆಣ್ಣೆ ದೋಸೆ ಹಾಕಬೇಕು. ತಲೆಗೆ 3 ಅಂತ ಹಿಡಿದರೆ 120. ಜಾಗ ಮೊದಲನೇ ಮಹಡಿಯ ಹಾಲ್, ಅಲ್ಲಿ ಗ್ಯಾಸ್ ಸಿಲಿಂಡರ್ ಇಡೋ ಹಾಗಿಲ್ಲ. ಇರೋದು ಇಷ್ಟು: 45×25 ಸೆಂ.ಮೀ. ನಾನ್‌ಸ್ಟಿಕ್ ಕರೆಂಟ್ ತವಾ, 1,500 ವ್ಯಾಟ್. ಒಂದು ಇಂಡಕ್ಷನ್ ಒಲೆ, 2,000 ವ್ಯಾಟ್. ಅದರ ಮೇಲೆ ಇಡೋಕೆ 30 ಸೆಂ.ಮೀ. ಎರಕದ ಕಬ್ಬಿಣದ ಹಂಚು. 2 ಲೀಟರ್‌ನ ಟೇಬಲ್ ಗ್ರೈಂಡರ್. ಹೊರಗಿಂದ ತರಿಸೋ ಮಾತು ಬೇಡ, ಮನೇಲೇ ಆಗಬೇಕು ಅಂತ ತೀರ್ಮಾನ ಆಗಿದೆ. ಹಿಟ್ಟಿನ ಅಳತೆ, ಎಷ್ಟು ಹೊತ್ತು ಹಿಡಿಯುತ್ತೆ, ಎಲ್ಲಿ ಕೈ ಕೊಡುತ್ತೆ, ಮೂರೂ ಹೇಳಿ.

ದುರ್ಗದ_ವೈರ್‌ಮನ್
ತವಾ ಎಷ್ಟು ದೊಡ್ಡದು ಅನ್ನೋದು ಆಮೇಲಿನ ಮಾತು. ಮೊದಲು ವ್ಯಾಟ್ ನೋಡ್ರಿ. 80 ಗ್ರಾಂ ಹಿಟ್ಟಿನ ಒಂದು ದೋಸೆ ಬೇಯೋವಾಗ ಸುಮಾರು 25 ಗ್ರಾಂ ನೀರು ಆವಿ ಆಗ್ತತೆ. ಒಂದು ಗ್ರಾಂಗೆ 2,260 ಜೂಲ್ ಬೇಕು, ಅಂದ್ರೆ ನೀರು ಓಡಿಸೋಕೇ 56 ಕಿಲೋಜೂಲ್. ಹಿಟ್ಟು ಬಿಸಿ ಆಗೋಕೆ ಇನ್ನೊಂದು 20. ಒಟ್ಟು 75ರ ಆಸುಪಾಸು. 1,500 ವ್ಯಾಟ್ ಅಂತ ತಳದಲ್ಲಿ ಬರೆದಿದ್ರೂ ಹಿಟ್ಟಿಗೆ ಮುಟ್ಟೋದು 1,000 ಅಂತ ಹಿಡೀರಿ, ಉಳಿದದ್ದು ಗಾಳಿಗೆ ಹೋಗ್ತತೆ. ಹಂಗಾದ್ರೆ 75 ಸೆಕೆಂಡಿಗೆ ಒಂದು ದೋಸೆ. ಇದಕ್ಕಿಂತ ಬೇಗ ಯಾವ ಕೈಗುಣಕ್ಕೂ ಆಗಲ್ಲ.

ಹರಡೋದು, ಒರೆಸೋದು, ತೆಗೆಯೋದು ಸೇರಿಸಿದ್ರೆ ಗಂಟೆಗೆ 35ರಿಂದ 40. ಆ ತವಾ ಒಂದನ್ನೇ ನಂಬಿದ್ರೆ 120ಕ್ಕೆ ಮೂರು ಗಂಟೆ ಮೇಲೇ. ಇಂಡಕ್ಷನ್ ಜೊತೆಗಿಟ್ಟರೆ ಒಂದೂವರೆಯಿಂದ ಎರಡು ಗಂಟೆಯೊಳಗೆ ಮುಗೀತತೆ. ಎರಡೂ ಬೇಕೇ ಬೇಕು.

ಚಳ್ಳಕೆರೆ_ಶೇಂಗಾ
45 ಸೆಂ.ಮೀ. ತವಾದಲ್ಲಿ ಎರಡು ದೋಸೆ ಪಕ್ಕಪಕ್ಕ ಕೂರ್ತಾವಲ್ಲಣ್ಣ? ಹಂಗಾದ್ರೆ ಗಂಟೆಗೆ 80 ಆಗಬೇಕು.

ದುರ್ಗದ_ವೈರ್‌ಮನ್
ಕೂರ್ತಾವೆ, ಆದ್ರೆ ಎರಡೂ ಸೇರಿ 150 ಸೆಕೆಂಡ್ ತಗೊಳ್ತಾವೆ. ಜಾಗ ಜಾಸ್ತಿ ಆಯ್ತು ಅಂತ ಕಾವು ಜಾಸ್ತಿ ಆಗಲ್ಲ. ಎರಡನ್ನೂ ಒಂದೇ ಸಲ ಹಾಕಿದ್ರೆ ತವಾ ದಿಢೀರ್ ತಣ್ಣಗಾಗಿ ಎರಡೂ ಬಿಳಿಚಿಕೊಳ್ತಾವೆ. ಎಡಗಡೆ ಒಂದು ಹಾಕಿ, ಅದು ಅರ್ಧ ಬೆಂದ ಮೇಲೆ ಬಲಗಡೆ ಹಾಕ್ರಿ. ಸರದಿ ಹಿಂಗೇ ನಡೀಬೇಕು. ಆಗ ಒಂದು ಕಡೆ ಹಸಿ ಹಿಟ್ಟು ಕಾವು ಎಳೆಯೋವಾಗ ಇನ್ನೊಂದು ಕಡೆ ನೀರು ಹೋಗಿ ಕೆಂಪಗಾಗೋ ಹಂತದಲ್ಲಿರ್ತತೆ. ಹೋಟೆಲಿನ ದೊಡ್ಡ ಹಂಚಿಗೆ ಈ ಚಿಂತೆ ಇಲ್ಲ, ಆ ಕಬ್ಬಿಣದ ದಪ್ಪವೇ ಕಾವನ್ನ ಹಿಡಿದಿಟ್ಟುಕೊಂಡಿರ್ತತೆ. ಕರೆಂಟ್ ತವಾದ ಅಲ್ಯೂಮಿನಿಯಂ ತಟ್ಟೆ ತೆಳು, ಕಾವು ಬೇಗ ಬಿಟ್ಟುಕೊಡ್ತತೆ.

ಮಂಡಿಪೇಟೆ_ಅಕ್ಕ
ಹಿಟ್ಟಿನ ಲೆಕ್ಕ ನಾನು ಕೊಡ್ತೀನಿ. 120 ದೋಸೆ, ಒಂದಕ್ಕೆ 80 ಗ್ರಾಂ, ಅಂದ್ರೆ 9.6 ಕೆ.ಜಿ. ಹಿಟ್ಟು.

ದೋಸೆ ಅಕ್ಕಿ 3 ಕೆ.ಜಿ.
ಉದ್ದಿನಬೇಳೆ 700 ಗ್ರಾಂ, ಇಡೀ ಬಿಳಿ ಉದ್ದಾದರೆ ಇನ್ನೂ ಒಳ್ಳೇದು
ಮಂಡಕ್ಕಿ 300 ಗ್ರಾಂ
ಮೆಂತ್ಯ 2 ದೊಡ್ಡ ಚಮಚ
ಉಪ್ಪು 80 ಗ್ರಾಂ ಒಳಗೆ

ಮಂಡಕ್ಕಿ 300 ಗ್ರಾಂ ಅಂದ್ರೆ ಸಣ್ಣ ಅಳತೆ ಅಲ್ಲ, ದೊಡ್ಡ ಪಾತ್ರೆಯೇ ತುಂಬುತ್ತೆ. ಲೋಟದಲ್ಲಿ ಅಳೆಯೋರು ಇಲ್ಲೇ ಎಡವೋದು. ಮಂಡಕ್ಕಿಯಲ್ಲಿ ಭಟ್ಟಿಯಲ್ಲೇ ಉಪ್ಪು ಸೇರಿರುತ್ತೆ. ಅದಕ್ಕೇ ಉಪ್ಪು ಕಡಿಮೆ ಹೇಳಿದ್ದು, ಕೊನೇಲಿ ನಾಲಿಗೆಗೆ ಇಟ್ಟು ನೋಡಿ. ಒಗ್ಗರಣೆ ಹಾಕಿದ ಮಂಡಕ್ಕಿ, ಖಾರದ್ದು ಮನೇಲಿ ಮಿಕ್ಕಿದ್ರೆ ಅದನ್ನ ಹಾಕಬೇಡಿ. ಅದರಲ್ಲಿರೋ ಅರಿಶಿನ, ಎಣ್ಣೆ ಎರಡೂ ಹಿಟ್ಟಿನ ಬಣ್ಣ ಕೆಡಿಸುತ್ತೆ.

ಅಕ್ಕಿ, ಮೆಂತ್ಯ ಒಟ್ಟಿಗೆ, ಉದ್ದು ಬೇರೆ, ನಾಲ್ಕೈದು ಗಂಟೆ ನೆನೆಹಾಕಿ. ಮಂಡಕ್ಕಿಯನ್ನ ರುಬ್ಬೋಕೆ ಹತ್ತು ನಿಮಿಷ ಮುಂಚೆ ನೀರಲ್ಲಿ ಅದ್ದಿ, ಹಿಂಡಿ ಹಾಕಿದರೆ ಸಾಕು. ಅದು ಒಂದು ಸಲ ಬೆಂದಿರೋ ಅಕ್ಕಿ, ನೀರು ಕುಡಿಯೋಕೆ ಕಾಯ್ತಾ ಇರುತ್ತೆ. ಜಾಸ್ತಿ ಹೊತ್ತು ಬಿಟ್ಟರೆ ಹಿಟ್ಟಿನ ನೀರಿನ ಲೆಕ್ಕ ಕೈ ತಪ್ಪುತ್ತೆ. ದೋಸೆ ಒಳಗೆ ಹೂವಿನಂಗೆ ಮೆತ್ತಗಿರೋದು, ತಳ ಬೇಗ ಕೆಂಪಾಗೋದು, ಎರಡಕ್ಕೂ ಕಾರಣ ಅದೇ.

ನಿಟುವಳ್ಳಿ_ತಿಂಡಿ
ಅಕ್ಕಾ, 2 ಲೀಟರ್ ಗ್ರೈಂಡರ್‌ಗೆ ಇದು ಎಷ್ಟು ಸಲ ಆಗುತ್ತೆ? ಮಿಕ್ಸಿಯಲ್ಲಿ ಸ್ವಲ್ಪ ತಳ್ಳಬಹುದಾ?

ಮಂಡಿಪೇಟೆ_ಅಕ್ಕ
ಐದು ಸಲ. ಉದ್ದು 350 ಗ್ರಾಂನಂತೆ ಎರಡು, ಅಕ್ಕಿ ಕೆ.ಜಿ.ಯಂತೆ ಮೂರು. ಉದ್ದು ರುಬ್ಬಿದಷ್ಟೂ ಉಬ್ಬಿ ಮೇಲೆ ಬರುತ್ತೆ, ಅರ್ಧ ಕೆ.ಜಿ. ಹಾಕಿದರೆ ಕಲ್ಲಿನ ಮೇಲೆ ಹತ್ತಿ ಅಂಚಿಂದ ಚೆಲ್ಲುತ್ತೆ. ಪ್ರತಿ ಸಲ ಸುಮಾರು ಅರ್ಧ ಗಂಟೆ. ನಡುವೆ ಹತ್ತು ನಿಮಿಷ ಮೋಟಾರಿಗೆ ವಿರಾಮ ಕೊಡಿ, ಮುಟ್ಟಿ ನೋಡಿದರೆ ಕೈ ಸುಡೋ ಹಾಗಿದ್ರೆ ಇನ್ನೂ ಸ್ವಲ್ಪ ಜಾಸ್ತಿ. ಒಟ್ಟು ಮೂರು ಗಂಟೆ ತೆಗೆದಿಡಿ.

ಮೊದಲು ಉದ್ದು, ಆಮೇಲೆ ಅಕ್ಕಿ. ಉದ್ದಿಗೆ ಫ್ರಿಜ್ ನೀರು, ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪ ಚಿಮುಕಿಸ್ತಾ. ಒಂದು ಚಿಟಿಕೆ ತೆಗೆದು ನೀರಿನ ಬಟ್ಟಲಿಗೆ ಹಾಕಿದರೆ ತೇಲಬೇಕು. ಅಕ್ಕಿ ಪೂರ್ತಿ ನುಣ್ಣಗೆ ಬೇಡ, ಬೆರಳಲ್ಲಿ ಉಜ್ಜಿದರೆ ಸಣ್ಣ ರವೆ ಸಿಗಬೇಕು. ಮೂರನೇ ಸಲದ ಅಕ್ಕಿ ಜೊತೆ ಮಂಡಕ್ಕಿ ಹಾಕಿ.

ಮಿಕ್ಸಿ ಅಕ್ಕಿಗೆ ಮಾತ್ರ, ಅದೂ ಅವಸರ ಇದ್ದರೆ. ಉದ್ದು ಅದರಲ್ಲಿ ಬಿಸಿಯಾಗಿ ಉಬ್ಬೋದೇ ಇಲ್ಲ.

ಇನ್ನೊಂದು ಮಾತು, ಅಕ್ಕಿ ಹಳೇದಿರಲಿ. ಈಗ ತಾನೆ ಗದ್ದೆಯಿಂದ ಬಂದ ಹೊಸ ಅಕ್ಕಿ ಅಂಟಂಟಾಗಿ ಹಂಚಿಗೆ ಹಿಡಿಯುತ್ತೆ.

ಹಂಚಿನ_ಮುಂದೆ
ಅಕ್ಕ ಹೇಳಿದ ಅಳತೆ ಸರಿ. ನನ್ನ ಕಡೆಯಿಂದ ಪಾತ್ರೆ ಮಾತು. 9.6 ಕೆ.ಜಿ. ಹಿಟ್ಟು ಒಂದೇ ಪಾತ್ರೆಯಲ್ಲಿ ಬೇಡ. 10 ಲೀಟರ್‌ನ ಎರಡು ಪಾತ್ರೆ ತಗೊಂಡು ಅರ್ಧರ್ಧ ಹಾಕಿ, ಪ್ರತಿಯೊಂದೂ ಅರ್ಧ ಖಾಲಿ ಇರಬೇಕು. ಒಂದಕ್ಕೆ ಉಪ್ಪು ರಾತ್ರಿಯೇ ಹಾಕಿ, ಇನ್ನೊಂದಕ್ಕೆ ಬೆಳಿಗ್ಗೆ. ಉಪ್ಪು ಬಿದ್ದ ಹಿಟ್ಟು ನಿಧಾನವಾಗಿ ಉಬ್ಬುತ್ತೆ, ಅದನ್ನ ಎರಡನೇ ಸರದಿಗೆ ಇಟ್ಟುಕೊಳ್ಳಿ. 8 ಗಂಟೆಗೆ ಸರಿಯಾಗಿದ್ದ ಹಿಟ್ಟು ದಾವಣಗೆರೆ ಬೇಸಿಗೆಯಲ್ಲಿ 10ಕ್ಕೆ ಹುಳಿ ಆಗಿರುತ್ತೆ. ಹುಳಿ ರುಚಿ ತಡೀಬಹುದು, ಬಣ್ಣ ಬರಲ್ಲ. ಹಿಟ್ಟಿನ ಸಕ್ಕರೆ ಅಂಶವನ್ನೆಲ್ಲ ಹುದುಗು ತಿಂದು ಮುಗಿಸಿರುತ್ತೆ, ಕೆಂಪಾಗೋಕೆ ಏನೂ ಉಳಿದಿರಲ್ಲ. ಅಂಥ ಹಿಟ್ಟಿಗೆ ಎರಡು ಚಮಚ ಸಕ್ಕರೆ ಕದಡಿದರೆ ಸ್ವಲ್ಪ ಬಣ್ಣ ವಾಪಸ್ ಬರುತ್ತೆ.

ಹೊತ್ತು: ಏಪ್ರಿಲ್, ಮೇನಲ್ಲಿ ಉಬ್ಬೋಕೆ 6ರಿಂದ 8 ಗಂಟೆ ಸಾಕು, ರುಬ್ಬೋದು ರಾತ್ರಿ 11ಕ್ಕೆ ಮುಗಿದರೂ ನಡೆಯುತ್ತೆ. ಡಿಸೆಂಬರ್, ಜನವರಿಯಲ್ಲಿ 12 ಗಂಟೆ ಬೇಕು, ಸಂಜೆ 6ಕ್ಕೇ ಮುಗಿಸಿ ಗ್ರೈಂಡರ್ ತೊಳೆದಿಡಬೇಕು. ನಿಮ್ಮದು ಯಾವ ತಿಂಗಳು ಅಂತ ಬರೆದಿಲ್ಲ.

ನಿಟುವಳ್ಳಿ_ತಿಂಡಿ
ಮೇ ಮೊದಲ ವಾರ, ಸರ್.

ಹಂಚಿನ_ಮುಂದೆ
ಹಾಗಾದರೆ ಮಧ್ಯಾಹ್ನ 3ಕ್ಕೆ ನೆನೆಹಾಕಿ, ಸಂಜೆ ಏಳೂವರೆಗೆ ರುಬ್ಬೋಕೆ ಕೂತರೆ ಹತ್ತೂವರೆಗೆ ಎದ್ದೇಳಬಹುದು. ಬೆಳಿಗ್ಗೆ 6ಕ್ಕೆ ನೋಡಿ. ಎರಡೂ ಪಾತ್ರೆ ಉಬ್ಬಿ ನಿಂತಿದ್ದರೆ ಉಪ್ಪಿನದನ್ನ ಫ್ರಿಜ್‌ಗೆ ತಳ್ಳಿ. ಆದರೆ ಹಾಕೋಕೆ ಒಂದು ಗಂಟೆ ಮುಂಚೆ ಹೊರಗೆ ತೆಗೀಲೇಬೇಕು. ತಣ್ಣನೆ ಹಿಟ್ಟು ಬಿದ್ದರೆ ಈ ಸಣ್ಣ ತವಾ ಮೇಲೇಳೋದೇ ಇಲ್ಲ, ವೈರ್‌ಮನ್ ಅಣ್ಣನ 75 ಸೆಕೆಂಡ್ 80 ದಾಟುತ್ತೆ.

ದೊಡ್ಡ ಪಾತ್ರೆಯ ಹಿಟ್ಟನ್ನ ಪದೇ ಪದೇ ಸೌಟು ಹಾಕಿ ಕಲಕಬೇಡಿ, ಗಾಳಿ ಎಲ್ಲ ಹೋಗಿ ದೋಸೆ ಚಪ್ಪಟೆ ಆಗುತ್ತೆ. ಒಂದೂವರೆ ಲೀಟರ್ ಬೋಗುಣಿಗೆ ಬೇಕಾದಷ್ಟು ತೆಗೆದುಕೊಂಡು, ನೀರು ಹದ ಮಾಡಿಕೊಂಡು, ಅದರಿಂದ ಹಾಕ್ತಾ ಹೋಗಿ.

ಚಳ್ಳಕೆರೆ_ಶೇಂಗಾ
ಹಂಚಿನ ವಿಷಯಕ್ಕೆ ಬರೋಣ. ಎರಕದ ಹಂಚನ್ನ ಇಂಡಕ್ಷನ್ ಮೇಲಿಟ್ಟು ನೇರ 2,000ಕ್ಕೆ ಒತ್ತಬೇಡಿ. ಅಡಿಯಲ್ಲಿರೋ ಸುರುಳಿ ಸಾಮಾನ್ಯವಾಗಿ 18ರಿಂದ 20 ಸೆಂ.ಮೀ. ಅಷ್ಟೇ, ನಿಮ್ಮ ಹಂಚು 30. ನಡು ಕೆಂಡ ಆಗಿ ಅಂಚು ತಣ್ಣಗಿದ್ರೆ ಹಂಚು ಸೊಟ್ಟ ಆಗ್ತತೆ, ಇಲ್ಲಾ ಸೀಳ್ತತೆ. 400–600 ವ್ಯಾಟ್‌ನಲ್ಲಿ ಏಳೆಂಟು ನಿಮಿಷ, ಆಮೇಲೆ 1,000ದಲ್ಲಿ ಐದು ನಿಮಿಷ, ಆಮೇಲೆ 1,200–1,400ರಲ್ಲಿ ದೋಸೆ. ಬೆಣ್ಣೆ ದೋಸೆ ಸಣ್ಣದು ಅನ್ನೋದೇ ಇಲ್ಲಿ ನಮ್ಮ ಪುಣ್ಯ, 16–17 ಸೆಂ.ಮೀ. ದೋಸೆ ಸುರುಳಿಯ ಮೇಲೇ ಸರಿಯಾಗಿ ಕೂರ್ತತೆ. ಸೆಟ್ ದೋಸೆಗೂ ಅಷ್ಟೇ. ಅದೇ ಒಲೇಲಿ ಅಗಲದ ಮಸಾಲೆ ದೋಸೆಗೆ ಕೈ ಹಾಕಿದ್ರೆ ನಡು ಕಪ್ಪು, ಅಂಚು ಹಸಿ.

ಹಿಂದಿನ ದಿನವೇ ಹಂಚು ಪಳಗಿಸಿಡಿ. ಶೇಂಗಾ ಎಣ್ಣೆ ತೆಳ್ಳಗೆ ಸವರಿ, ಬಟ್ಟೆಯಲ್ಲಿ ಒರೆಸಿ ತೆಗೆದು, ಹೊಗೆ ಬರೋವರೆಗೆ ಕಾಯಿಸಿ, ಆರಿಸಿ. ಮತ್ತೆರಡು ಸಲ ಅದೇ ಕೆಲಸ. ಎಣ್ಣೆ ದಪ್ಪಗಿದ್ರೆ ಅಂಟಾಗಿ ನಿಲ್ತತೆ. ಚಪಾತಿ ಮಾಡೋ ಹಂಚನ್ನೇ ತಂದು ದೋಸೆಗೆ ಇಟ್ಟರೆ ಮೊದಲ ಹತ್ತು ದೋಸೆ ಕಿತ್ತು ಕಿತ್ತು ತಿನ್ನಬೇಕಾಗ್ತತೆ.

ದುರ್ಗದ_ವೈರ್‌ಮನ್
ಇಂಡಕ್ಷನ್‌ಗೆ ಇನ್ನೆರಡು. ಗಾಜಿನ ಕೆಳಗೆ ಕಾವು ನೋಡೋ ಸೆನ್ಸರ್ ಐತೆ. ಗಂಟೆಗಟ್ಟಲೆ ಕಾದ ಕಬ್ಬಿಣ ಅದರ ಮೇಲೆ ಕೂತ್ರೆ ಅದು ತಾನೇ ಆಫ್ ಆಗ್ತತೆ, ಪರದೆ ಮೇಲೆ ಏನೋ ಒಂದು ಕೋಡ್ ಬರ್ತತೆ. ಕೆಟ್ಟೋಯ್ತು ಅಂತ ಗಾಬರಿ ಬೇಡ, ಹಂಚು ಎತ್ತಿ ಐದು ನಿಮಿಷ ಫ್ಯಾನ್ ಓಡೋಕೆ ಬಿಡ್ರಿ, ಪ್ಲಗ್ ಕೀಳಬೇಡ್ರಿ. ಅದು ಆಗದಂಗೆ ನೋಡ್ಕೊಳ್ಳೋಕೆ ಅಡಿಯಲ್ಲಿ ಪೇಪರ್, ಟೇಬಲ್ ಬಟ್ಟೆ ಹಾಸಬಾರದು. ಗಾಳಿ ಎಳೆಯೋ ತೂತು ತಳದಲ್ಲೇ ಇರ್ತತೆ, ಬಟ್ಟೆ ಅದಕ್ಕೆ ಅಂಟಿಕೊಳ್ತತೆ. 30 ಸೆಂ.ಮೀ. ಹಂಚಿನ ಅಂಚು ಬಟನ್ ಪಟ್ಟಿ ಮೇಲೆ ಚಾಚಿದ್ರೆ ಅದೂ ಕಾಯ್ತತೆ. ಹಂಚನ್ನ ಒಂದೆರಡು ಬೆರಳಷ್ಟು ಹಿಂದಕ್ಕೆ ಸರಿಸಿ ಇಡ್ರಿ. ಟೈಮರ್ ತಾನೇ ನಿಲ್ಲಿಸೋ ಮಾದರಿ ಇದ್ರೆ ಎಷ್ಟು ಹೊತ್ತಿಗೆ ನಿಲ್ತತೆ ಅಂತ ಮೊದಲೇ ನೋಡಿಟ್ಟುಕೊಳ್ರಿ.

ಈಗ ವೈರಿಂಗು. 1,500 ಮತ್ತೆ 1,400 ಸೇರಿ 2,900 ವ್ಯಾಟ್. 230 ವೋಲ್ಟಿಗೆ 12.6 ಆಂಪ್. ಎರಡನ್ನೂ ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚೋದು ಅಂದ್ರೆ ಬೋರ್ಡ್ ಕರಗಿಸೋದು ಅಂತಲೇ ಅರ್ಥ. 6 ಆಂಪ್ ಸಾಕೆಟ್ಟಿಗೆ 1,380 ವ್ಯಾಟೇ ಮೇಲ್ಮಿತಿ, ನಿಮ್ಮ ತವಾ ಒಂದಕ್ಕೇ ಅದು ಸಾಲಲ್ಲ. ಎರಡು ಬೇರೆ ಬೇರೆ 16 ಆಂಪ್ ಪಾಯಿಂಟ್ ಹುಡುಕ್ರಿ. ಹಾಲ್‌ನಲ್ಲಿ ಸಾಮಾನ್ಯವಾಗಿ ಎ.ಸಿ. ಪಾಯಿಂಟ್ ಒಂದು, ಗೀಸರ್ ಪಾಯಿಂಟ್ ಒಂದು ಇರ್ತತೆ. ದೂರ ಇದ್ರೆ 2.5 ಚದರ ಮಿ.ಮೀ. ತಾಮ್ರದ ವೈರಿನ, 16 ಆಂಪ್ ಪ್ಲಗ್ ಇರೋ ಎಕ್ಸ್‌ಟೆನ್ಷನ್ ಬೇಕು, ಸುರುಳಿ ಪೂರ್ತಿ ಬಿಚ್ಚಿರಬೇಕು. ಸುತ್ತಿಟ್ಟ ವೈರು ಒಳಗೊಳಗೇ ಕಾಯ್ತತೆ.

ಎಂಟು ಗಂಟೆಗೆ ನೆಂಟರು ಸ್ನಾನಕ್ಕೆ ಹೋಗ್ತಾರೆ. ಗೀಸರ್ ಆನ್ ಆದ ತಕ್ಷಣ ಎಂ.ಸಿ.ಬಿ. (ಹೊರೆ ಜಾಸ್ತಿ ಆದ್ರೆ ಕರೆಂಟ್ ತಾನೇ ಕಡಿಯೋ ಸ್ವಿಚ್) ಬೀಳ್ತತೆ. ಸ್ನಾನ ಎಲ್ಲ 7ರೊಳಗೆ ಅಂತ ಹಿಂದಿನ ರಾತ್ರಿಯೇ ಹೇಳಿಬಿಡ್ರಿ. ಚಟ್ನಿಯ ಮಿಕ್ಸಿನೂ ಅಷ್ಟೇ, ಮುಂಚೆ ಮುಗಿಸಿ.

ಹರಿಹರ_ರೋಡ್
ವೋಲ್ಟೇಜ್ ಇಳಿದರೆ?

ದುರ್ಗದ_ವೈರ್‌ಮನ್
ಅದು ದೊಡ್ಡ ಪೆಟ್ಟು. ಕರೆಂಟ್ ತವಾದಲ್ಲಿರೋದು ಬರೀ ಕಾಯಿಲ್. ವೋಲ್ಟೇಜ್ 230ರಿಂದ 190ಕ್ಕೆ ಇಳಿದ್ರೆ ವ್ಯಾಟ್ ಅದರ ವರ್ಗದ ಲೆಕ್ಕದಲ್ಲಿ ಇಳೀತತೆ, 1,500 ಹೋಗಿ 1,020 ಆಗ್ತತೆ. ಅಂದ್ರೆ ಮೂರರಲ್ಲಿ ಒಂದು ಪಾಲು ಹೋಯ್ತು. ಲೈಟು ಸ್ವಲ್ಪ ಮಂಕಾದಂಗೆ ಕಾಣ್ತತೆ ಅಷ್ಟೇ, ದೋಸೆ ಮಾತ್ರ ಬೆಳ್ಳಗೆ. ಹಿಟ್ಟಿಗೆ ಬೈಯೋ ಮುಂಚೆ ಮೀಟರ್ ನೋಡ್ರಿ. ಇಂಡಕ್ಷನ್ ಒಳಗೆ ಎಲೆಕ್ಟ್ರಾನಿಕ್ಸ್ ಇರೋದ್ರಿಂದ ಅದು ಸ್ವಲ್ಪ ತಡ್ಕೊಳ್ತತೆ.

ಮನೆ ಯು.ಪಿ.ಎಸ್. ಇದನ್ನ ಎಳೆಯಲ್ಲ. ಅವತ್ತು ಲೈನ್ ಕೆಲಸಕ್ಕೆ ಅಂತ ಕರೆಂಟ್ ತೆಗೀತಾರಾ ಅಂತ ಹಿಂದಿನ ದಿನ ಬೆಸ್ಕಾಂ 1912ಕ್ಕೆ ಕೇಳ್ರಿ. ಪ್ರಕಟಣೆ ಪೇಪರಿನಲ್ಲೂ ಬರ್ತತೆ. ಖರ್ಚಿನ ಚಿಂತೆ ಬೇಡ, ಎರಡು ಗಂಟೆ ಪೂರ್ತಿ ಓಡಿದ್ರೂ 6 ಯೂನಿಟ್ ದಾಟಲ್ಲ.

ಪಡ್ಡು_ಪಕ್ಷ
ಇಷ್ಟೆಲ್ಲ ಒದ್ದಾಟ ಯಾಕ್ರೀ? ಅದೇ ಹಿಟ್ಟಲ್ಲಿ ಪಡ್ಡು ಹಾಕ್ರಿ. 12 ಗುಳಿಯ ಕರೆಂಟ್ ಪಡ್ಡು ಹಂಚು ಸಿಗ್ತತೆ. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಸ್ವಲ್ಪ ಕೊಬ್ಬರಿ ಚೂರು ಹಾಕಿ ಮುಚ್ಚಿಟ್ಟರೆ ಯಾರೂ ನಿಂತು ಕಾಯೋ ಹಾಗಿಲ್ಲ.

ದುರ್ಗದ_ವೈರ್‌ಮನ್
ವ್ಯಾಟ್ ಲೆಕ್ಕದಲ್ಲಿ ಲಾಭ ಇಲ್ಲ ಮಾರಾಯ. 12 ಗುಳಿ, ಒಂದಕ್ಕೆ 25 ಗ್ರಾಂ, 300 ಗ್ರಾಂ ಹಿಟ್ಟು, ಆರು ನಿಮಿಷ. ನಿಮಿಷಕ್ಕೆ 50 ಗ್ರಾಂ ಬೆಂತು. ದೋಸೆಯಲ್ಲೂ ಅಷ್ಟೇ ಬೇಯ್ತತೆ.

ಪಡ್ಡು_ಪಕ್ಷ
ಲೆಕ್ಕ ಒಪ್ಪಿದೆ. ಆದ್ರೆ ಪಡ್ಡು ಮುಂಚೆ ಮಾಡಿಡಬಹುದು, ದೋಸೆ ಇಡೋಕಾಗಲ್ಲ. ಏಳೂಕಾಲಿಗೆ ಶುರು ಮಾಡಿ ಹಾಟ್‌ಬಾಕ್ಸ್‌ನಲ್ಲಿ ಬಟ್ಟೆ ಹಾಸಿ ಹಾಕಿದ್ರೆ ಅರ್ಧ ಗಂಟೆ ಚೆನ್ನಾಗಿರ್ತಾವೆ. 8 ಗಂಟೆಗೆ 40 ಜನ ಒಟ್ಟಿಗೆ ಕೂತಾಗ ಮೊದಲ ಹೊಡೆತ ತಡೆಯೋದು ಅವೇ.

ಹಂಚಿನ_ಮುಂದೆ
ಇದು ಒಳ್ಳೇ ಮಾತು. ತಲೆಗೆ ಮೂರು ದೋಸೆ ಬದಲು ಎರಡು ದೋಸೆ, ನಾಲ್ಕು ಪಡ್ಡು ಅಂತ ಮಾಡಿದರೆ ಹಂಚಿನ ಮುಂದೆ 80 ದೋಸೆಯ ಕೆಲಸ ಮಾತ್ರ ಉಳಿಯುತ್ತೆ. ಆದರೆ ಪಡ್ಡು ಹಂಚಿಗೂ ಇನ್ನೊಂದು ಪಾಯಿಂಟ್ ಬೇಕು, ದೋಸೆ ಶುರು ಆಗೋದರೊಳಗೆ ಅದು ಮುಗಿದಿರಬೇಕು. 160 ಪಡ್ಡು ಮುಕ್ಕಾಲು ಗಂಟೆಯಲ್ಲಿ ಆಗಲ್ಲ, ಸುಮಾರು ಒಂದೂಕಾಲು, ಒಂದೂವರೆ ಗಂಟೆ ಬೇಕು. ಹಾಗಾಗಿ ತಲೆಗೆ ಎರಡು ಅಂತ ಇಟ್ಟುಕೊಂಡು ಮಕ್ಕಳಿಗೆ ಮೊದಲು ಕೊಡಿ. ಮಕ್ಕಳು ಪಡ್ಡು ತಿಂದು ಎದ್ದು ಹೋದರೆ ದೊಡ್ಡವರ ಸಾಲು ತಾನೇ ಕರಗುತ್ತೆ.

ನನ್ನ ಅಭಿಪ್ರಾಯ ಕೇಳಿದರೆ ಬೆಣ್ಣೆ ದೋಸೆ ಅಂತ ಕರೆದ ಮೇಲೆ ಬೆಣ್ಣೆ ದೋಸೆಯೇ ತಟ್ಟೆಗೆ ಬರಬೇಕು. ಪಡ್ಡು ಪಕ್ಕವಾದ್ಯ.

ನಿಟುವಳ್ಳಿ_ತಿಂಡಿ
ಹಿಟ್ಟು ಹಾಕಿದರೆ ತಾನೇ ಸವರಿ ಸುರುಳಿ ಮಾಡಿ ಕೊಡೋ ಪುಟ್ಟ ಯಂತ್ರ ಬಂದಿದೆಯಲ್ಲ, ಅದನ್ನ ಪಕ್ಕದ ಮನೆಯವರು ಕೊಡ್ತೀನಿ ಅಂತಾರೆ. ಬೇಡವಾ?

ಹಂಚಿನ_ಮುಂದೆ
ಅದು ಪೇಪರ್ ದೋಸೆಗೆ. ಉರುಳೆ ಮೇಲೆ ತೆಳುವಾಗಿ ಹಿಡಿಯೋ ಹಿಟ್ಟು ಬೇಕು ಅದಕ್ಕೆ. ಮಂಡಕ್ಕಿ ಹಾಕಿದ ದಪ್ಪ ಹಿಟ್ಟನ್ನ ಅದು ಕಿತ್ತು ಕಿತ್ತು ಹಾಕುತ್ತೆ. ಬೆಣ್ಣೆ ಹಾಕೋಕೂ ಜಾಗ ಇಲ್ಲ.

ಈಗ ಹಾಕೋ ಕ್ರಮ. ಕರೆಂಟ್ ತವಾ 200ರ ಹತ್ತಿರ ಇಡಿ, ಇಂಡಕ್ಷನ್ ಹಂಚಿಗೆ ನೀರಿನ ಪರೀಕ್ಷೆ. ನಾಲ್ಕು ಹನಿ ಚಿಮುಕಿಸಿ. ಚುರ್ ಅಂತ ಎರಡು ಮೂರು ಸೆಕೆಂಡಲ್ಲಿ ಆರಿ ಹೋದರೆ ಹದ. ಹನಿ ಮುತ್ತಿನ ಹಾಗೆ ಓಡಾಡಿದರೆ ಕಾವು ಜಾಸ್ತಿ, ಹಿಟ್ಟು ಸೌಟಿನ ಜೊತೆಗೇ ಎದ್ದು ಬರುತ್ತೆ. ಆಗ ನೀರು ಚಿಮುಕಿಸಿ, ಕಡ್ಡಿ ಪೊರಕೆಯಲ್ಲಿ ಗುಡಿಸಿ, ಹಾಕಿ. ನಾನ್‌ಸ್ಟಿಕ್ ಮೇಲೆ ಪೊರಕೆ ಆಡಿಸಬೇಡಿ, ಒದ್ದೆ ಬಟ್ಟೆ ಸಾಕು. ಅಲ್ಲಿ ಕಬ್ಬಿಣದ ಮಗಚೋ ಕೈನೂ ಬೇಡ, ಮರದ್ದು ಇರಲಿ.

ಒಂದು ಸೌಟು ಸುರಿದು ಎರಡೂವರೆ ಸುತ್ತು, ಅಷ್ಟೇ. ಮಸಾಲೆ ದೋಸೆಯ ಹಾಗೆ ಎಳೆದು ತೆಳು ಮಾಡಿದರೆ ಅದು ಬೆಣ್ಣೆ ದೋಸೆ ಅಲ್ಲ. ನಡುವೆ ಅರ್ಧ ಸೆಂ.ಮೀ. ದಪ್ಪ ಇರಬೇಕು. ಮೇಲೆಲ್ಲ ತೂತು ಬಿದ್ದು ಹಸಿ ಹೊಳಪು ಹೋಗೋವರೆಗೆ ಬೆಣ್ಣೆ ಹಾಕಬೇಡಿ. ಹಸಿ ಹಿಟ್ಟಿನ ಮೇಲೆ ಬಿದ್ದ ಬೆಣ್ಣೆ ತೂತು ಮುಚ್ಚಿ ಒಳಗೆ ಮುದ್ದೆ ಮಾಡುತ್ತೆ.

ಮಂಡಿಪೇಟೆ_ಅಕ್ಕ
ಮಗಚೋದೋ ಬೇಡವೋ? ನಮ್ಮಲ್ಲಿ ಇದೊಂದು ಜಗಳ ಯಾವತ್ತೂ ಮುಗಿಯಲ್ಲ.

ಹಂಚಿನ_ಮುಂದೆ
ಸೌದೆ ಒಲೆಯ ದೊಡ್ಡ ಹಂಚಾದರೆ ಸುತ್ತಲಿನ ಕಾವಿಗೆ ಮೇಲ್ಭಾಗವೂ ಬೇಯುತ್ತೆ. ಕರೆಂಟ್ ತವಾದಲ್ಲಿ ಕಾವು ಅಡಿಯಿಂದ ಮಾತ್ರ. ಹಾಗಾಗಿ ಇಲ್ಲಿ 30 ಸೆಕೆಂಡ್ ಮುಚ್ಚಳ, ಆಮೇಲೆ ತೆಗೆದು ಬೆಣ್ಣೆ, ಮಗಚಿ 10–15 ಸೆಕೆಂಡ್, ಮತ್ತೆ ಮಗಚಿ ಮೇಲೊಂದು ಸಣ್ಣ ಬೆಣ್ಣೆ ಇಟ್ಟು ತಟ್ಟೆಗೆ. ಮುಚ್ಚಳ ಪೂರ್ತಿ ಹೊತ್ತು ಇಟ್ಟರೆ ಆವಿ ಹೊರಗೆ ಹೋಗದೆ ತಳ ಗರಿ ಆಗಲ್ಲ.

ಮಂಡಿಪೇಟೆ_ಅಕ್ಕ
ಎರಡನೇ ಸಲ ಮಗಚೋದು ನಂಗೆ ಒಪ್ಪಿಗೆ ಇಲ್ಲ, ತೂತೆಲ್ಲ ಒತ್ತಿ ಹೋಗುತ್ತೆ. ಆದ್ರೂ ಮೇಲ್ಭಾಗ ಹಸಿ ಇರೋದಕ್ಕಿಂತ ವಾಸಿ ಬಿಡಿ.

ಬೆಣ್ಣೆ ಲೆಕ್ಕ ಯಾರೂ ಹೇಳಲಿಲ್ಲ. ದೋಸೆಗೆ 15ರಿಂದ 20 ಗ್ರಾಂ, 120ಕ್ಕೆ 2 ಕೆ.ಜಿ. ತರಿಸಿ. ಉಪ್ಪು ಹಾಕದ ಬಿಳಿ ಬೆಣ್ಣೆ. ಹಳದಿ ಉಪ್ಪು ಬೆಣ್ಣೆ ಬೇಡ, ಮಂಡಕ್ಕಿ ಉಪ್ಪು, ಹಿಟ್ಟಿನ ಉಪ್ಪು ಸೇರಿ ಬಾಯಿಗೆ ಜಾಸ್ತಿ ಆಗುತ್ತೆ. ಮೇ ಬಿಸಿಲಿಗೆ ಬೆಣ್ಣೆ ಹಂಚಿನ ಪಕ್ಕ ಕರಗಿ ತುಪ್ಪ ಆಗಿ ನಿಲ್ಲುತ್ತೆ. ಹಿಂದಿನ ರಾತ್ರಿಯೇ ಕೈ ತಣ್ಣೀರಲ್ಲಿ ಅದ್ದಿ ಅಡಿಕೆ ಗಾತ್ರದ ಉಂಡೆ ಮಾಡಿ, ಐಸ್ ಹಾಕಿದ ನೀರಿನ ಬಟ್ಟಲಲ್ಲಿ ತೇಲಿಬಿಡಿ. ತೂತಿನ ಚಮಚದಲ್ಲಿ ಎತ್ತಿ, ಒಂದು ಸಲ ಒದರಿ, ದೋಸೆಗೆ ಹಾಕಿ. ಒದರದೆ ಹಾಕಿದರೆ ನೀರು ಸಿಡಿದು ಕೈ ಸುಡುತ್ತೆ.

ಬರೀ ಹಂಚಿನ ಮೇಲೆ ಬೆಣ್ಣೆ ಬೀಳಬಾರದು. ಅದರಲ್ಲಿರೋ ಹಾಲಿನ ಅಂಶ ಸುಟ್ಟು ಕಪ್ಪು ಚುಕ್ಕಿ ಆಗಿ, ಮುಂದಿನ ದೋಸೆಗೆ ಅಂಟಿ ಕಹಿ ಆಗುತ್ತೆ. ಹಂಚಿಗೆ ಸವರೋಕೆ ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿ, ನಾನ್‌ಸ್ಟಿಕ್‌ಗೆ ಅದೂ ಬೇಡ. ನಾನ್‌ಸ್ಟಿಕ್ ಮೇಲೆ ಎಣ್ಣೆ ಜಾಸ್ತಿ ಆದರೆ ಸೌಟು ತಿರುಗಿಸಿದ ಹಾಗೆಲ್ಲ ಹಿಟ್ಟು ಹರಡದೆ ಜಾರುತ್ತೆ.

ಹರಿಹರ_ರೋಡ್
ಪಲ್ಯ, ಚಟ್ನಿ ನಂದು. ಆಲೂಗಡ್ಡೆ 3 ಕೆ.ಜಿ., ಈರುಳ್ಳಿ ಒಂದೂವರೆ ಕೆ.ಜಿ., ಹಸಿಮೆಣಸಿನಕಾಯಿ 100 ಗ್ರಾಂ. ಅರಿಶಿನ ಬೇಡ, ಬೆಣ್ಣೆ ದೋಸೆ ಪಲ್ಯ ಬೆಳ್ಳಗೇ ಇರಬೇಕು, ಸಪ್ಪೆ ಕಡೆಗೇ ಇರಬೇಕು. ಖಾರದ ಕೆಲಸ ಚಟ್ನಿಯದು: ತೆಂಗಿನಕಾಯಿ 6, ಪುಟಾಣಿ (ಹುರಿಗಡಲೆ) ಅರ್ಧ ಕೆ.ಜಿ., ಹಸಿಮೆಣಸಿನಕಾಯಿ 150 ಗ್ರಾಂ, ಕೊತ್ತಂಬರಿ, ಹುಣಸೆ ಸ್ವಲ್ಪ. ಮೇ ತಿಂಗಳಲ್ಲಿ ಕಾಯಿ ಚಟ್ನಿ ಮೂರು ಗಂಟೆಗೆ ಹಳಸುತ್ತೆ. ಅರ್ಧ ರುಬ್ಬಿ, ಉಳಿದರ್ಧದ ಸಾಮಾನು ಮಿಕ್ಸಿ ಜಾರಲ್ಲಿ ತುಂಬಿ ಫ್ರಿಜ್‌ಗೆ ಇಡಿ. 9 ಗಂಟೆ ಹೊತ್ತಿಗೆ ಕೆಳಗಿನ ಮನೆಯಲ್ಲಿ ರುಬ್ಬಿದರೆ ವೈರ್‌ಮನ್ ಅಣ್ಣಂಗೂ ತೊಂದರೆ ಇಲ್ಲ. ಪಲ್ಯ ದೋಸೆ ಒಳಗೆ ತುಂಬಬೇಡಿ, ಪಕ್ಕದಲ್ಲಿ ಇಡಿ. ಒಳಗಿಟ್ಟರೆ ತಳ ಮೆತ್ತಗಾಗುತ್ತೆ, ಒಂದು ದೋಸೆಗೆ ಹತ್ತು ಸೆಕೆಂಡ್ ಜಾಸ್ತಿ ಹಿಡಿಯುತ್ತೆ.

ನಿಟುವಳ್ಳಿ_ತಿಂಡಿ
ಬಡಿಸೋದು ಹೇಗೆ? ಒಬ್ಬರಿಗೆ ಮೂರೂ ಒಟ್ಟಿಗೆ ಕೊಡ್ಲಾ?

ಹಂಚಿನ_ಮುಂದೆ
ಬೇಡವೇ ಬೇಡ. ನಿಮ್ಮ ಎರಡು ಒಲೆಯಿಂದ ನಿಮಿಷಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ದೋಸೆ ಬರುತ್ತೆ. ಒಬ್ಬರಿಗೆ ಮೂರು ಕೊಡೋಕೆ ಹೋದರೆ ಹತ್ತನೆಯವರು ಅರ್ಧ ಗಂಟೆಗೆ ಹತ್ತಿರ ಹತ್ತಿರ ಕಾಯಬೇಕು. ಎಂಟೆಂಟು ಜನರನ್ನ ಕೂರಿಸಿ, ಒಂದೊಂದೇ ದೋಸೆ ಸುತ್ತು ಬರಲಿ. ಎಂಟನೆಯವರಿಗೆ ಮುಟ್ಟೋ ಹೊತ್ತಿಗೆ ಮೊದಲನೆಯವರ ತಟ್ಟೆ ಖಾಲಿ ಆಗಿರುತ್ತೆ.

ಮುಂದೆ ಹಾಕಿ ಇಡಲೇಬೇಕಾಗಿ ಬಂದರೆ ಒಂದರ ಮೇಲೊಂದು ಪೇರಿಸಬೇಡಿ, ಹಾಟ್‌ಬಾಕ್ಸ್ ಮುಟ್ಟಲೇಬೇಡಿ. ತಂತಿ ಜಾಲರಿಯ ಮೇಲೆ ಬಿಡಿಯಾಗಿ ಹರವಿ. ಐದು ನಿಮಿಷ ತಡೆಯುತ್ತೆ. ಬಡಿಸೋವಾಗ ಹಂಚಿಗೆ ಹತ್ತು ಸೆಕೆಂಡ್ ತಾಗಿಸಿ, ಬೆಣ್ಣೆ ಆಗಲೇ ಇಡಿ.

ಇಬ್ಬರು ಹಂಚಿನ ಮುಂದೆ, ಒಬ್ಬರು ಬೆಣ್ಣೆ, ಪಲ್ಯ, ಚಟ್ನಿ ಇಟ್ಟು ತಟ್ಟೆ ಸಾಗಿಸೋಕೆ. ಹಾಕೋರೇ ಬಡಿಸೋಕೆ ಹೋದರೆ ತವಾ ಖಾಲಿ ಕಾಯ್ತಾ ನಿಲ್ಲುತ್ತೆ, ಆ ವ್ಯಾಟೆಲ್ಲ ಗಾಳಿಗೆ.

ಚಳ್ಳಕೆರೆ_ಶೇಂಗಾ
ಕರೆಂಟ್ ತವಾದ ಕೆಂಪು ದೀಪ ಗಮನಿಸಿ. ಅದು ಆರಿದಾಗ ಕಾವು ತುದಿ ಮುಟ್ಟಿರ್ತತೆ. ಹಿಟ್ಟು ಆಗಲೇ ಹಾಕಬೇಕು. ದೀಪ ಹೊತ್ತಿ ಕೆಲವು ಸೆಕೆಂಡ್ ಆದ ಮೇಲೆ ಹಾಕಿದ್ರೆ ಕಾವು ತಳ ಮುಟ್ಟಿರೋ ಹೊತ್ತು, ದೋಸೆ ಅಂಟ್ತತೆ. ದೋಸೆ ಮೇಲೆ ಕಾಯಿಲ್ ಆಕಾರದಲ್ಲೇ ಕೆಂಪು ಗೆರೆ ಬಂದ್ರೆ ತಟ್ಟೆ ಪೂರ್ತಿ ಕಾದಿಲ್ಲ ಅಂತ. ಶುರುವಿಗೆ 12–15 ನಿಮಿಷ ಬರೀ ಕಾಯೋಕೆ ಬಿಡಿ.

ದುರ್ಗದ_ವೈರ್‌ಮನ್
ಖಾಲಿ ನಾನ್‌ಸ್ಟಿಕ್ ತಟ್ಟೆನ ಅದಕ್ಕಿಂತ ಜಾಸ್ತಿ ಹೊತ್ತು ತುದಿ ಕಾವಿನಲ್ಲಿ ಬಿಡಬೇಡ್ರಿ. 260 ಡಿಗ್ರಿ ದಾಟಿದ್ರೆ ಲೇಪ ಹಾಳಾಗೋಕೆ ಶುರು ಆಗ್ತತೆ.

ನಿಟುವಳ್ಳಿ_ತಿಂಡಿ
ಎಲ್ಲ ಬರೆದುಕೊಂಡೆ. ಎರಡು ಪಾಯಿಂಟ್ ಇದಾವೆ, ಎ.ಸಿ.ಯದು, ಗೀಸರ್‌ದು. ಪಡ್ಡು ತಲೆಗೆ ಎರಡು, ಕೆಳಗಿನ ಮನೆಯಲ್ಲೇ ಮಾಡಿ ತರ್ತೀವಿ. ಹಿಟ್ಟು ಮಿಕ್ಕಿದರೆ? ತವಾ ತೊಳೆಯೋದು ಹೇಗೆ, ಪೂರ್ತಿ ನೀರಿಗೆ ಹಾಕೋ ಹಾಗಿಲ್ಲವಲ್ಲ?

ಮಂಡಿಪೇಟೆ_ಅಕ್ಕ
ಮಿಕ್ಕ ಹಿಟ್ಟು ತಕ್ಷಣ ಫ್ರಿಜ್‌ಗೆ. ಮರುದಿನ ಬೆಣ್ಣೆ ದೋಸೆಗೆ ಬರಲ್ಲ, ಹುಳಿ ಬಂದಿರುತ್ತೆ. ಎರಡು ಹಿಡಿ ಚಿರೋಟಿ ರವೆ, ಈರುಳ್ಳಿ ಹಾಕಿ ಊತಪ್ಪ ಮಾಡಿ. ನೀರು ಸೇರಿಸಿದ ಬೋಗುಣಿ ಹಿಟ್ಟನ್ನ ದೊಡ್ಡ ಪಾತ್ರೆಗೆ ವಾಪಸ್ ಸುರಿಯಬೇಡಿ, ಅದನ್ನ ಅವತ್ತೇ ಮುಗಿಸಿ.

ದುರ್ಗದ_ವೈರ್‌ಮನ್
ಪ್ಲಗ್ ಕಿತ್ತು, ಕೈ ತಡೆಯೋ ಅಷ್ಟು ಬಿಸಿ ಇರೋವಾಗ ಒದ್ದೆ ಬಟ್ಟೆ ಹಾಸಿ ಐದು ನಿಮಿಷ ಬಿಡ್ರಿ. ಹಿಡಿದ ಹಿಟ್ಟೆಲ್ಲ ನೆನೆದು ಬರ್ತತೆ. ಕಾದ ತಟ್ಟೆಗೆ ತಣ್ಣೀರು ಸುರಿದ್ರೆ ಬಾಗ್ತತೆ. ಥರ್ಮೋಸ್ಟಾಟ್ ವೈರು ಕಳಚೋ ಮಾದರಿ ಆದ್ರೆ ಅದನ್ನ ತೆಗೆದಿಟ್ಟು ತಟ್ಟೆ ತೊಳೀಬಹುದು, ಆದ್ರೆ ವಾಪಸ್ ಚುಚ್ಚೋ ಮುಂಚೆ ಆ ತೂತಿನೊಳಗೆ ಹನಿ ನೀರೂ ಇರಬಾರದು, ಬಿಸಿಲಿಗೆ ಇಟ್ಟು ಒಣಗಿಸ್ರಿ. ಎಣ್ಣೆ ಕೆಳಗಿಳಿದು ಕಾಯಿಲ್ ಪಕ್ಕ ಸೇರಿದ್ರೆ ಮುಂದಿನ ಸಲ ಹೊಗೆ ಬರ್ತತೆ, ಅದಕ್ಕೇ ಎಣ್ಣೆ ಇಳಿಯೋ ಟ್ರೇ ನಡುವೆ ಒಂದು ಸಲ ಖಾಲಿ ಮಾಡ್ರಿ. ಎರಕದ ಹಂಚಿಗೆ ಸೋಪು ಹಚ್ಚಬೇಡ್ರಿ, ಬಿಸಿ ನೀರು, ಕಡ್ಡಿ ಪೊರಕೆ, ಆಮೇಲೆ ಒಂದು ಹನಿ ಶೇಂಗಾ ಎಣ್ಣೆ.